ಎಡಗೈಯ ಮಾತು

ಆ ಹೊಲಿಗೆ ಅಂಗಡಿಯಲ್ಲಿ ಅವಳನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಆಸ್ಪತ್ರೆ, ಹೋಟೆಲು, ಕಾರ್ಖಾನೆಗಳಿಗೆ ಸಮವಸ್ತ್ರ ಹೊಲಿದುಕೊಡುವ ಅಂಗಡಿ ಅದು. ಬಟ್ಟೆ ಕತ್ತರಿಸುವ ಉದ್ದನೆಯ ಮೇಜು ದೊಡ್ಡಕ್ಕನದು. ಕಿಟಕಿ ಪಕ್ಕದ ಹೊಲಿಗೆ ಯಂತ್ರ ಅವಳ ಒಡಹುಟ್ಟಿದ ತಂಗಿಯದು. ದೊಡ್ಡಕ್ಕ ಎಡಚಿ. ಅಂಗಡಿಯ ಮಾಲೀಕರಾದ ಮಾಸ್ತರು ಅವಳಿಗೆಂದೇ ಎಡಗೈಯ ಕತ್ತರಿಯೊಂದನ್ನು ತರಿಸಿಕೊಟ್ಟಿದ್ದರು. ಅದನ್ನು ಬೇರೆಯವರು ಹಿಡಿದರೆ ಬಟ್ಟೆಯನ್ನು ಕತ್ತರಿಸುವ ಬದಲು ಅಗಿಯುತ್ತಿತ್ತು.

ಒಂದು ಮಧ್ಯಾಹ್ನ ಊಟ ಮುಗಿಸಿ ಕೈತೊಳೆದು ಬರುವಾಗ, ಬಟ್ಟೆಯ ಸುರುಳಿಗಳನ್ನು, ಅಂದರೆ ಥಾನುಗಳನ್ನು, ಇಡುವ ಕೋಣೆಯಿಂದ ತಂಗಿಯ ದನಿ ಕೇಳಿತು.

"ನೋಡಿ ಮಾಸ್ಟ್ರೇ, ಎಲ್ಲಾ ಎಡಗೈದೇ. ಅಕ್ಕನಿಗೆ ಮಾತ್ರ ಗೊತ್ತಾಗೋದು ಬೇಡ."

"ಎಷ್ಟು ದಿನ ಅಂತ ಮುಚ್ಚಿಡ್ತೀಯ?" ಇದು ಮಾಸ್ತರು.

ಗುಂಡಿಗಳಿಗೆ ಕಾಜಾ ಹಾಕುವ ಮುದುಕ, ಅಂಗಡಿಯವರ ಬಾಯಲ್ಲಿ ಕಾಜಾ ತಾತ, ಕಿಸಕ್ಕನೆ ನಕ್ಕ. ದೊಡ್ಡಕ್ಕ ಬಾಗಿಲಿಗೆ ಬಂದದ್ದೇ ತಡ, ಮೂವರ ಬಾಯಿಗೂ ಬೀಗ ಬಿತ್ತು. ತಂಗಿ ಒಂದು ಗಂಟನ್ನು ಕಾಲಿನಿಂದ ಕಪಾಟಿನ ಅಡಿಗೆ ತಳ್ಳಿದಳು. ಕಾಜಾ ತಾತ ಇಲ್ಲದ ಸೂಜಿಯನ್ನು ನೆಲದಲ್ಲಿ ಹುಡುಕತೊಡಗಿದ.

ದೊಡ್ಡಕ್ಕ ಏನೂ ಕೇಳಲಿಲ್ಲ. ಕೇಳಬೇಕಾದ್ದೇನಿತ್ತು? ಈ ಅನುಭವ ಅವಳಿಗೆ ಹೊಸದಲ್ಲ. ಅವಳ ಗಂಡ ಇನ್ನೊಂದು ಸಂಸಾರ ನಡೆಸುತ್ತಿದ್ದದ್ದು ಹಾಲು ಹಾಕುವವನಿಗೆ ಗೊತ್ತಿತ್ತು, ಮೇಲಿನ ಮನೆಯವರಿಗೆ ಗೊತ್ತಿತ್ತು, ಗಂಡನ ಅಕ್ಕನಿಗಂತೂ ಅಲ್ಲಿ ಹುಟ್ಟಿದ ಮಗುವಿನ ಹೆಸರೂ ಗೊತ್ತಿತ್ತು. ಮೆಟ್ಟಿಲ ಮೇಲೆ ನಿಂತವರು ಅವಳನ್ನು ಕಂಡೊಡನೆ ಮಾತು ನುಂಗುತ್ತಿದ್ದರು. ಎಲ್ಲರಿಗಿಂತ ಕೊನೆಗೆ ತಿಳಿದವಳು ಅವಳು. ಆ ಮನೆ ಬಿಟ್ಟು ತಂಗಿಯ ಜೊತೆ ಇರಲು ಬಂದು ವರ್ಷ ದಾಟಿತ್ತು. ಆದರೆ ನಾಲ್ಕು ಜನ ಸೇರಿ ಸುಮ್ಮನಾದ ಕಡೆಯಲ್ಲೆಲ್ಲ ಅವಳ ಎದೆ ಧಸಕ್ಕೆನ್ನುವುದು ನಿಂತಿರಲಿಲ್ಲ. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ. ಅವಳು ನೀರನ್ನೂ ಊದುವ ಮಟ್ಟಕ್ಕೆ ಬಂದಿದ್ದಳು.

ಆ ವಾರವೇ ಮಾಸ್ತರು ಯಾರೋ ಹೆಂಗಸನ್ನು ಅಂಗಡಿಗೆ ಕರೆತಂದರು. ಆಕೆ ಬೇರೆಲ್ಲೂ ನಿಲ್ಲದೆ ನೇರ ಕತ್ತರಿಸುವ ಮೇಜಿನ ಬಳಿ ಬಂದು, ಅದರ ಅಂಚಿನ ಮೇಲೆ ಕೈಯಾಡಿಸಿ, "ಎತ್ತರ ಸರಿಯಾಗಿದೆ" ಅಂದಳು. ಕೊಳ್ಳುವ ಮುಂಚೆ ಎಮ್ಮೆಯ ಹಲ್ಲು ನೋಡಿದ ಹಾಗಿತ್ತು.

ದೊಡ್ಡಕ್ಕನ ಮನಸ್ಸಿನಲ್ಲಿ ಲೆಕ್ಕ ಕೂಡಿಬಂತು. ಎಡಚಿ ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದಾರೆ. ತನ್ನನ್ನು ಓಡಿಸಲು ಸಂಚು ನಡೆದಿದೆ. ಸಂಚಿನ ಮುಂದಾಳು ತಂಗಿಯೇ. ಗಂಡನ ಮನೆ ಬಿಟ್ಟಾಗಿನಿಂದ ಅರೆಬರೆಯಾಗಿದ್ದ ನಿದ್ದೆ ಈಗ ಪೂರ್ತಿ ದೂರವಾಯಿತು. ತಂಗಿ ಸ್ನಾನಕ್ಕೆ ಹೋದಾಗ ಅವಳ ಚೀಲ ತಡಕಿದಳು. ಬಾಚಣಿಗೆ, ಛತ್ರಿ, ತಲೆನೋವಿನ ಮಾತ್ರೆ ಸಿಕ್ಕವು. ಏನೂ ಸಿಗದಿದ್ದದ್ದೇ ಅವಳ ಅನುಮಾನವನ್ನು ಹೆಚ್ಚಿಸಿತು. ಅಷ್ಟು ಹುಷಾರಾಗಿ ಬಚ್ಚಿಟ್ಟಿದ್ದಾಳೆ ಅಂದುಕೊಂಡಳು.

ಒಂದು ಬೆಳಗ್ಗೆ ತಂಗಿ ಕಾಫಿಯ ಲೋಟ ಮುಂದಿಟ್ಟಾಗ ದೊಡ್ಡಕ್ಕ, "ಮೊದಲು ನೀನು ಕುಡಿ" ಅಂದಳು. ತಂಗಿ ಅವಳ ಮುಖವನ್ನೇ ನೋಡಿದಳು, ಲೋಟ ಎತ್ತಿ ಅರ್ಧ ಕುಡಿದಳು. ಆಮೇಲೆ ಮೆತ್ತಗೆ, "ನನ್ನ ಜೊತೆ ಒಬ್ಬರ ಹತ್ತಿರ ಬಾ ಅಕ್ಕ. ನಿನ್ನನ್ನ ಹುಚ್ಚಿ ಅಂತಿಲ್ಲ. ನನಗೆ ಹೆದರಿಕೆ ಆಗ್ತಿದೆ" ಎಂದಳು.

ಹಾಗೆ ಅವಳು ಆಪ್ತಸಲಹೆಗಾರ್ತಿಯ ಕೋಣೆಗೆ ಹೋದದ್ದು. ತಂಗಿಯನ್ನು ಹೊರಗಿನ ಬೆಂಚಿನಲ್ಲೇ ಕೂರಿಸಿದರು. ಒಳಗೆ ಎರಡು ಕುರ್ಚಿ, ಒಂದು ಸಣ್ಣ ಮೇಜು, ಸದ್ದು ಮಾಡುವ ಫ್ಯಾನು. ಸಲಹೆಗಾರ್ತಿ ನಡುವಯಸ್ಸಿನವರು, ಕನ್ನಡಕವನ್ನು ತಲೆ ಮೇಲಿಟ್ಟುಕೊಂಡು ಅದನ್ನೇ ಹುಡುಕುವವರ ಪೈಕಿ. ದೊಡ್ಡಕ್ಕ ಕೂರುತ್ತಿದ್ದಂತೆ ಅವರಿಗೆ ಫೋನು ಬಂತು. "ಹೂಂ, ಬಂದಿದ್ದಾರೆ. ಆಮೇಲೆ ಮಾತಾಡ್ತೀನಿ" ಎಂದು ಇಟ್ಟರು.

ದೊಡ್ಡಕ್ಕ ಎದ್ದು ನಿಂತಳು.

"ಏನಾಯ್ತು?"

"ನನ್ನ ತಂಗೀನೇ ತಾನೇ ಅದು? ಹೊರಗೆ ಕೂತು ಫೋನ್ ಮಾಡಿದ್ದಾಳೆ. ನೀವೂ ಅವಳ ಕಡೆಯವರೇ."

ಸಲಹೆಗಾರ್ತಿ ಬೇಸರ ಪಟ್ಟುಕೊಳ್ಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಸರಿ, ಹಾಗಾದ್ರೆ ನನ್ನಿಂದಲೇ ಶುರು ಮಾಡೋಣ. ನೀವು ಕೇಳಿದ್ದೇನು? ಕೇಳಿದ್ದಷ್ಟೇ ಹೇಳಿ."

"ಹೂಂ, ಬಂದಿದ್ದಾರೆ, ಆಮೇಲೆ ಮಾತಾಡ್ತೀನಿ."

"ತಂಗಿ ಅನ್ನೋದು ಅದರಲ್ಲಿ ಎಲ್ಲಿತ್ತು?"

ದೊಡ್ಡಕ್ಕ ಮತ್ತೆ ಕುರ್ಚಿಯಲ್ಲಿ ಕೂತಳು.

"ಕಂಡದ್ದು ಒಂದು, ಅದರ ಮೇಲೆ ನಾವು ಕಟ್ಟಿದ್ದು ಇನ್ನೊಂದು. ಕಟ್ಟಿದ್ದು ಸುಳ್ಳೇ ಆಗಬೇಕು ಅಂತೇನಿಲ್ಲ, ನಿಜಾನೂ ಆಗಿರಬಹುದು. ಆದರೆ ಎರಡೂ ಒಂದೇ ಅಲ್ಲ. ಆ ಮಾತಿಗೆ ಬೇರೆ ಏನೆಲ್ಲ ಅರ್ಥ ಇರಬಹುದು?"

"ನಿಮ್ಮ ಮನೆಯವರಿರಬಹುದು," ದೊಡ್ಡಕ್ಕ ಒಲ್ಲದ ಮನಸ್ಸಿನಿಂದ ಅಂದಳು. "ನಲ್ಲಿ ರಿಪೇರಿಯವನು ಇರಬಹುದು. ನೀವು ಯಾರು ಅಂತ ಹೇಳಿದ್ರೂ ನಾನು ನಂಬಲ್ಲ."

"ನಂಬಬೇಡಿ. ನಂಬಿಸೋದು ನನ್ನ ಕೆಲಸ ಅಲ್ಲ. ಒಂದೇ ಬಾಗಿಲಿದ್ದ ಕಡೆ ಈಗ ಮೂರು ಕಾಣ್ತಿವೆಯಲ್ಲ, ಇವತ್ತಿಗೆ ಅಷ್ಟು ಸಾಕು."

ಯಾರ ಫೋನು ಎಂದು ಅವರು ಹೇಳಲೇ ಇಲ್ಲ. ಆ ಒಂದು ಕಾರಣಕ್ಕೆ ದೊಡ್ಡಕ್ಕ ಎರಡನೆಯ ಸಲವೂ ಹೋದಳು. ಸುಳ್ಳು ಹೇಳುವವರಾಗಿದ್ದರೆ ಅಷ್ಟು ಸುಲಭದ ಸುಳ್ಳನ್ನು ಬಿಡುತ್ತಿದ್ದರೇ ಎನ್ನುವುದು ಅವಳ ತರ್ಕ. ಆ ಸಲ ಗಂಡನ ಕತೆ ಹೊರಬಂತು. ಸಲಹೆಗಾರ್ತಿ ಎಲ್ಲ ಕೇಳಿ, "ಅವತ್ತು ನಿಮ್ಮ ಅನುಮಾನ ನೂರಕ್ಕೆ ನೂರು ಸರಿಯಿತ್ತು. ಅದಕ್ಕೇ ಈಗ ಪ್ರತಿ ಸಲ ಅದೇ ಸರಿ ಅನಿಸ್ತಿದೆ" ಎಂದರು. ಇಷ್ಟು ದಿನ ಅವಳಿಗೆ ಯಾರೂ "ನೀನು ಸರಿಯಿದ್ದೆ" ಎಂದಿರಲಿಲ್ಲ. ದೊಡ್ಡಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ಮೂರನೆಯ ಸಲ ಎಡಗೈಯ ಮಾತು ಬಂತು.

"ಅದನ್ನ ಕೂತಲ್ಲೇ ತೀರ್ಮಾನ ಮಾಡಕ್ಕಾಗಲ್ಲ," ಅಂದರು ಸಲಹೆಗಾರ್ತಿ. "ಕೇಳೇ ನೋಡಬೇಕು. ಆದರೆ ಕೇಳೋ ಮುಂಚೆ, ಏನಾಗುತ್ತೆ ಅಂತ ನಿಮಗೆ ಅನಿಸುತ್ತೋ ಅದನ್ನ ಈಗಲೇ ಹೇಳಿ. ಆಮೇಲೆ ಆಗಿದ್ದರ ಪಕ್ಕ ಇಟ್ಟು ನೋಡೋಣ."

"ನೆಲ ನೋಡ್ತಾಳೆ. ಏನೂ ಇಲ್ಲ ಅಂತಾಳೆ. ಅತ್ತು ಕರೆದು ನನ್ನ ತಲೆ ಮೇಲೇ ಹಾಕ್ತಾಳೆ."

ಭಾನುವಾರ ಅಕ್ಕತಂಗಿಯರಿಬ್ಬರೂ ಒಗೆದ ಬಟ್ಟೆ ಮಡಚುತ್ತಿದ್ದರು. ಹಾಸಿಗೆಯ ಹೊದಿಕೆಯ ಒಂದು ತುದಿ ಇವಳ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ದೊಡ್ಡಕ್ಕ ತನ್ನ ತುದಿಯನ್ನು ಹಿಡಿದುಕೊಂಡೇ, "ಎಲ್ಲಾ ಎಡಗೈದೇ, ಅಕ್ಕನಿಗೆ ಗೊತ್ತಾಗೋದು ಬೇಡ ಅಂದೆಯಲ್ಲ, ಏನದು?" ಎಂದಳು.

ತಂಗಿ ನೆಲ ನೋಡಿದಳು. ಅಷ್ಟರಮಟ್ಟಿಗೆ ಊಹೆ ನಿಜವಾಯಿತು. ಆದರೆ 'ಏನೂ ಇಲ್ಲ' ಅನ್ನಲಿಲ್ಲ.

"ತೋಳುಗಳು," ಅಂದಳು.

"ಯಾವ ತೋಳು?"

"ನರ್ಸುಗಳ ಕೋಟಿಂದು. ನೀನು ಕತ್ತರಿಸಿದ್ದೆಲ್ಲ ಎಡಗೈ ತೋಳುಗಳೇ ಅಕ್ಕ. ಬಲಗೈದು ಒಂದೂ ಇರಲಿಲ್ಲ."

ದೊಡ್ಡಕ್ಕನ ಕೈಯಿಂದ ಹೊದಿಕೆ ಜಾರಿತು. ಆ ಬಟ್ಟೆಗೆ ಹೊರಮೈ ಬೇರೆ, ಒಳಮೈ ಬೇರೆ. ರಟ್ಟಿನ ನಮೂನೆಯನ್ನು ಒಮ್ಮೆ ನೇರವಾಗಿ, ಒಮ್ಮೆ ಮಗುಚಿ ಇಟ್ಟು ಕತ್ತರಿಸಿದರೆ ಎಡಕ್ಕೊಂದು ಬಲಕ್ಕೊಂದು ತೋಳು ಸಿಗುತ್ತದೆ. ಮಗುಚುವುದನ್ನು ಮರೆತರೆ ಬರುವುದೆಲ್ಲ ಒಂದೇ ಕೈಯವು. ಕೆಲಸ ಕಲಿಯುವವರು ಮಾಡುವ ತಪ್ಪು ಅದು. ನಿದ್ದೆಗೆಟ್ಟ ತಲೆ ಅದನ್ನು ತನ್ನಿಂದ ಮಾಡಿಸಿತ್ತು. ತನಗೆ ಗೊತ್ತೇ ಆಗಿರಲಿಲ್ಲ.

"ಎಲ್ಲಾ ನರ್ಸುಗಳಿಗೂ ಎರಡೆರಡು ಎಡಗೈ ಬೇಕಾಗುತ್ತೆ ಅಂದ ಕಾಜಾ ತಾತ. ಅದಕ್ಕೇ ನಕ್ಕಿದ್ದು," ಎನ್ನುತ್ತ ತಂಗಿ ಅಳತೊಡಗಿದಳು. "ಹೊಸ ಬಟ್ಟೇಲಿ ನಾನೇ ಕತ್ತರಿಸಿ ಹೊಲಿದೆ. ನಿನಗೆ ಗೊತ್ತಾದ್ರೆ ನೀನು ಪೂರ್ತಿ ಕುಸಿದು ಹೋಗ್ತೀಯ ಅನಿಸ್ತು."

"ಕುಸೀತೀನಿ ಅಂತ ನಾನು ಹೇಳಿದ್ನಾ?"

"ಇಲ್ಲ."

"ಮತ್ತೆ?"

"ನಾನೇ ಅಂದುಕೊಂಡೆ."

ದೊಡ್ಡಕ್ಕನಿಗೆ ಸಿಟ್ಟು ಉಕ್ಕಿತು. ಮತ್ತೆ ತನಗೊಬ್ಬಳಿಗೇ ತಿಳಿಯದ ಹಾಗೆ ಮಾಡಿದ್ದರು; ಪ್ರೀತಿಯಿಂದ ಮಾಡಿದರೆ ಮುಚ್ಚಿಟ್ಟದ್ದು ಮುಚ್ಚಿಟ್ಟದ್ದಲ್ಲವೇ? ಆದರೆ ತಾನು 'ಮೊದಲು ನೀನು ಕುಡಿ' ಅಂದಾಗ ಮಾತಿಲ್ಲದೆ ಅರ್ಧ ಕುಡಿದ ಮುಖವೂ ಇದೇ. "ನನ್ನ ಮನಸ್ಸಲ್ಲಿರೋದನ್ನ ನೀನು ಓದಿದೆ, ನಿನ್ನ ಮನಸ್ಸಲ್ಲಿರೋದನ್ನ ನಾನು ಓದಿದೆ," ಎಂದಳು. "ಇಬ್ಬರಿಗೂ ಅಕ್ಷರ ಬರ್ತಿರಲಿಲ್ಲ." ತಂಗಿ ಅಳುವಿನ ನಡುವೆಯೇ ನಕ್ಕುಬಿಟ್ಟಳು.

"ಇನ್ನು ಮೇಲೆ ಕೆಟ್ಟದ್ದಾದ್ರೂ ನನ್ನ ಮುಖಕ್ಕೇ ಹೇಳು."

"ಹೇಳ್ತೀನಿ. ಮೇಜಿನ ಹತ್ತಿರ ಬಂದಿದ್ದ ಹೆಂಗಸಿನ ವಿಷಯ ಮಾಸ್ಟ್ರನ್ನೇ ಕೇಳು. ಅವರು ಕೊನೆಗೆ ಏನು ತೀರ್ಮಾನ ಮಾಡಿದ್ರೋ ನನಗೂ ಗೊತ್ತಿಲ್ಲ."

ಮರುದಿನ ಅವಳು ಮಾಸ್ತರ ಮುಂದೆ ನಿಂತಳು. ಅವರು ಸುತ್ತಿ ಬಳಸಲಿಲ್ಲ. "ನಿಜ, ನಿನ್ನ ಜಾಗಕ್ಕೇ ಆಕೆಯನ್ನು ನೋಡಿದ್ದೆ," ಅಂದರು. "ಅಕ್ಕನನ್ನ ತೆಗೆದ್ರೆ ನಾನೂ ಕೆಲಸ ಬಿಡ್ತೀನಿ ಅಂತ ನಿನ್ನ ತಂಗಿ ಹಟ ಹಿಡಿದು ಕೂತಳು, ಸುಮ್ಮನಾದೆ." ಅನುಮಾನದಲ್ಲಿ ಒಂದು ಪಾಲು ಹಾಗಾದರೆ ನಿಜವೇ ಆಗಿತ್ತು. ವಿಚಿತ್ರವೆಂದರೆ, ಕತ್ತಲಲ್ಲಿ ಊಹಿಸಿ ಹೆದರಿದಷ್ಟು ಹೆದರಿಕೆ ಅದನ್ನು ಬೆಳಕಿನಲ್ಲಿ ಕಂಡಾಗ ಆಗಲಿಲ್ಲ.

"ಆಕೇನ ಕರೀರಿ," ಅಂದಳು. "ನಾನು ಗುರುತು ಹಾಕ್ತೀನಿ, ಕತ್ತರಿಸೋ ಮುಂಚೆ ಆಕೆ ನೋಡಲಿ. ಆಕೆ ಹಾಕಿದ್ದನ್ನ ನಾನು ನೋಡ್ತೀನಿ. ಮತ್ತೆ ತಪ್ಪಿದ್ರೆ ಆಗ ನಾನೇ ಹೋಗ್ತೀನಿ."

ಮಾಸ್ತರು ಒಪ್ಪಿದರು. ಆಕೆ ಬಂದಳು. ಮೊದಮೊದಲು ದೊಡ್ಡಕ್ಕ ಅವಳನ್ನು ಬೆಕ್ಕು ಇಲಿಯನ್ನು ಕಾಯುವಂತೆ ಕಾದಳು. ಆಕೆ ಸೀಮೆಸುಣ್ಣ ಎತ್ತಿದರೂ ಅನುಮಾನ, ಇಟ್ಟರೂ ಅನುಮಾನ. ಆಗೆಲ್ಲ 'ಕಂಡದ್ದೇನು, ಕಟ್ಟಿದ್ದೇನು' ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಕೆಲವು ಸಲ ಉತ್ತರ ಸಿಗುತ್ತಿತ್ತು. ಕೆಲವು ಸಲ ಆಕೆಯನ್ನೇ ಕೇಳಿಬಿಡುತ್ತಿದ್ದಳು. ಆಕೆಯೂ ಒರಟು ಬಾಯಿಯವಳು, ಇದ್ದದ್ದನ್ನು ಇದ್ದ ಹಾಗೆ ಅನ್ನುತ್ತಿದ್ದಳು. ದೊಡ್ಡಕ್ಕನಿಗೆ ಅದು ಹಿಡಿಸಿತು.

ಅನುಮಾನ ಪೂರ್ತಿ ಬಿಟ್ಟುಹೋಯಿತು ಎಂದರೆ ಸುಳ್ಳಾಗುತ್ತದೆ. ಒಂದು ಸಂಜೆ ತಂಗಿ ತಡವಾಗಿ ಬಂದಳು. ಕೈಯಲ್ಲಿದ್ದ ಕಾಗದದ ಪೊಟ್ಟಣವನ್ನು ಅಕ್ಕನಿಗೆ ಕಾಣದ ಹಾಗೆ ಮರೆಮಾಡಿಕೊಂಡು ಒಳಕೋಣೆಗೆ ಹೋಗಿ ಕಪಾಟಿನಲ್ಲಿಟ್ಟು ಬಂದಳು. ದೊಡ್ಡಕ್ಕನ ಎದೆ ಹಳೆಯ ಹಾಗೆಯೇ ಧಸಕ್ಕೆಂದಿತು. ಏನಿರಬಹುದು ಎಂದು ಮನಸ್ಸು ಎಲ್ಲ ದಿಕ್ಕಿಗೂ ಓಡಿತು. ತಂಗಿ ಮುಖ ತೊಳೆಯಲು ಹೋದಳು. ಕಪಾಟಿಗೆ ಬೀಗವಿರಲಿಲ್ಲ.

ದೊಡ್ಡಕ್ಕ ಎದ್ದಳು, ಅಡುಗೆಮನೆಗೆ ಹೋದಳು, ಇಬ್ಬರಿಗೂ ತಟ್ಟೆ ಹಾಕಿದಳು.

"ಬೇಗ ಬಾರೇ, ಊಟ ಆರಿಹೋಗುತ್ತೆ," ಎಂದು ಕೂಗಿದಳು.