ಹೇಳಲು ಇಷ್ಟವಿಲ್ಲ

ಗಂಡಂದಿರ ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದ ಹೆಂಗಸರ ಆಶ್ರಯಧಾಮದಲ್ಲಿ ಸಮೀಕ್ಷೆ ಮಾಡುತ್ತಿದ್ದ ಹುಡುಗಿಗೆ ತಲೆ ಕೆಟ್ಟುಹೋಗಿತ್ತು. ಊಟ, ನಿದ್ದೆ, ಮಕ್ಕಳ ಶಾಲೆ ಎಂದರೆ ಪಟಪಟನೆ ಉತ್ತರ. ಗಂಡನ ಮಾತು ಬಂದೊಡನೆ ಒಬ್ಬಳಿಗೆ ಒಲೆಯ ಮೇಲಿನ ಹಾಲು ನೆನಪಾಗುತ್ತಿತ್ತು, ಇನ್ನೊಬ್ಬಳಿಗೆ ಮಗು ಅತ್ತಂತೆ ಕೇಳಿಸುತ್ತಿತ್ತು. ಆ ಪುಟಗಳೆಲ್ಲ ಖಾಲಿ.

"ಇಷ್ಟೊಂದು ಉತ್ತರ ಬಿಟ್ಟುಹೋದ್ರೆ ಏನಂತ ಬರೆಯೋದಮ್ಮ? ಈ ವಾರ ನೋಡು, ಇಲ್ಲಾಂದ್ರೆ ನಿಲ್ಲಿಸಿಬಿಡೋಣ" ಎಂದು ಪ್ರೊಫೆಸರ್ ಫೋನಿನಲ್ಲಿ ಹೇಳಿಬಿಟ್ಟಿದ್ದರು.

ಅಂದು ಹಜಾರದಲ್ಲಿ ಎದುರಿಗೆ ಕೂತವಳು ಗುಬ್ಬಿ. ಬಾಯಿಗೆ ಬಿಡುವಿಲ್ಲದ ಅವಳಿಗೆ ಎಲ್ಲರೂ ಇಟ್ಟ ಹೆಸರು ಅದು. ಅವಳೂ ಆ ಪುಟಕ್ಕೆ ಬಂದೊಡನೆ ಅತ್ತಿತ್ತ ನೋಡಿ, "ಆಮೇಲೆ ಹೇಳ್ತೀನಿ ಮೇಡಂ" ಎಂದಳು.

"ಇಷ್ಟ ಇಲ್ಲಾಂದ್ರೆ ಇಲ್ಲ ಅಂದುಬಿಡಿ ಅಕ್ಕಾ, ಪರವಾಗಿಲ್ಲ."

ಗುಬ್ಬಿ ಕಣ್ಣರಳಿಸಿದಳು. "ಇಲ್ಲ ಅನ್ನಬಹುದಾ? ಹಾಗಂದ್ರೆ ಇಲ್ಲಿಂದ ಕಳಿಸಿಬಿಡಲ್ವಾ?"

ಇಷ್ಟವಿಲ್ಲದ ಪ್ರಶ್ನೆಗೆ ಇಲ್ಲ ಅನ್ನಬಹುದು ಎಂದು ಹುಡುಗಿ ಮೊದಲ ದಿನವೇ ಓದಿ ಹೇಳಿದ್ದಳು, ಆದರೆ ಯಾರ ಕಿವಿಗೂ ಬಿದ್ದಿರಲಿಲ್ಲ! ಮರುಕ್ಷಣ ಅವಳಿಗೊಂದು ಉಪಾಯ ಹೊಳೆಯಿತು: ಪ್ರಶ್ನೆ ಕೇಳುವವರು ಎದುರಿಗೇ ಇಲ್ಲದಿದ್ದರೆ? ಚೀಲ ಹೆಗಲಿಗೇರಿಸಿ ಮನೆಗೆ ಓಡಿದಳು.

ಅವಳ ಅಕ್ಕ ಬಸ್ ನಿಲ್ದಾಣದಲ್ಲಿ ಧ್ವನಿವರ್ಧಕದ ಮುಂದೆ ಕೂತು ಬಸ್ಸುಗಳನ್ನು ಕೂಗುವವಳು. ಪ್ರಶ್ನೆಗಳನ್ನೆಲ್ಲ ಅವಳ ದನಿಯಲ್ಲೇ ರೆಕಾರ್ಡ್ ಮಾಡಲು ಕೂತರು.

"ಅಯ್ಯೋ ಅಕ್ಕಾ, ಬಸ್ಸು ಹೊರಡ್ತಿದೆ ಅನ್ನೋ ಹಾಗೆ ಓದ್ಬೇಡ್ವೇ! ಮೆತ್ತಗೆ."

"ನನ್ನ ಗಂಟಲಿಗೆ ಅದೊಂದೇ ಕಣೇ ಗೊತ್ತಿರೋದು!"

ನಕ್ಕು ನಕ್ಕು ಇಬ್ಬರಿಗೂ ಹೊಟ್ಟೆ ಹಿಡಿದುಕೊಂಡಿತು.

ಮರುದಿನ ಬಟ್ಟೆಗಳನ್ನಿಡುವ ಕೋಣೆಯಲ್ಲಿ ಒಂದು ಕುರ್ಚಿ, ಒಂದು ಟ್ಯಾಬ್, ಕಿವಿಗೆ ಹೆಡ್‌ಫೋನ್. ಟ್ಯಾಬಿನ ಪರದೆಯ ಮೇಲೆ ಮೂರು ಗುಂಡಿ: ಹೌದು ಎನ್ನಲು ಹಸಿರು, ಅಲ್ಲ ಎನ್ನಲು ಹಳದಿ, ಹೇಳಲು ಇಷ್ಟವಿಲ್ಲದಿದ್ದರೆ ಕೆಂಪು. ಒಬ್ಬೊಬ್ಬರೇ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಗುಬ್ಬಿ ಮೊದಲು ಹೋದಳು. ಹುಡುಗಿ ಹೊರಗೆ ಉಗುರು ಕಚ್ಚುತ್ತ ನಿಂತಳು.

ಒಳಗಿನಿಂದ ಕಿಲಕಿಲ ನಗು! ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತೆರೆಯಿತು.

"ಮೇಡಂ, ಕೆಂಪು ಒತ್ತಿದೆ! 'ಆಗಲಿ, ಮುಂದಿನ ಪ್ರಶ್ನೆ' ಅಂದ್ಲು ಆ ಬಸ್ ಸ್ಟ್ಯಾಂಡ್ ಅಮ್ಮ. ನಾನು ಮನೆ ಬಿಟ್ಟು ಬಂದ ದಿನ ಬಸ್ಸು ಎಲ್ಲಿದೆ ಅಂತ ಹೇಳಿದ್ದೂ ಅವಳೇ ಅಲ್ವಾ? ಮತ್ತೆ ಒತ್ತಿದೆ, ಮತ್ತೂ 'ಆಗಲಿ' ಅಂದ್ಲು. ಯಾರೂ ಬೈಲಿಲ್ಲ!" ಗುಬ್ಬಿಯ ಕಣ್ಣು ಒದ್ದೆಯಾಗಿ ಹೊಳೆಯುತ್ತಿತ್ತು. "ಧೈರ್ಯ ಬಂದ್ಬಿಡ್ತು. ಉಳಿದಿದ್ದನ್ನೆಲ್ಲ ಹೇಳಿಬಿಟ್ಟೆ."

ಸಂಜೆಯ ಹೊತ್ತಿಗೆ ಕೋಣೆಯ ಮುಂದೆ ಸಾಲು ಬೆಳೆದಿತ್ತು. ಹುಡುಗಿ ಪ್ರೊಫೆಸರರಿಗೆ ಫೋನ್ ಮಾಡಿದಳು.

"ಖಾಲಿ ಎಷ್ಟಿದೆ?"

"ಒಂದೂ ಇಲ್ಲ ಮೇಡಂ! ಕೆಂಪು ಬೇಕಾದಷ್ಟಿದೆ. ಬೇಡ ಅಂತ ಅವರೇ ಹೇಳಿದ್ದು."

"ಅದನ್ನೇ ಮೊದಲು ಬರಿ. ನಾಳೆ ನಾನೂ ಬರ್ತೀನಿ."

ಬಾಗಿಲ ಬಳಿ ಗುಬ್ಬಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂಗುತ್ತಿದ್ದಳು: "ತಳ್ಳಬೇಡ್ರೇ, ಎಲ್ಲರ ಸರದೀನೂ ಬರುತ್ತೆ!"