ಹಾಲಿನ ಮುಚ್ಚಳದ ಮೇಲಿನ ಮೀಟರು

ಗಂಡನ ಅಂತ್ಯಕ್ರಿಯೆ ಮುಗಿದು ನೆಂಟರೆಲ್ಲ ಹೊರಟ ಮೇಲಿನ ಮೊದಲ ಬೆಳಿಗ್ಗೆ ಹಾಲು ಉಕ್ಕಿತು. ಅವಳು ನೋಡುತ್ತಲೇ ನಿಂತಿದ್ದಳು. ಅತ್ತೆ ಬಂದು ಒಲೆ ಆರಿಸಿದರು. ಪಾತ್ರೆಗೆ ಮುಚ್ಚಳ ಹಾಕಿ, ಬೆಕ್ಕು ಬಾಯಿ ಹಾಕದಿರಲೆಂದು ಕೈಗೆ ಸಿಕ್ಕ ಹಿತ್ತಾಳೆ ಗುಂಡೊಂದನ್ನು ಮೇಲೆ ಹೇರಿದರು.

ಅದು ನೀರಿನ ಒತ್ತಡ ಅಳೆಯುವ ಮೀಟರು. ಗಂಡ ಅಗ್ನಿಶಾಮಕ ಇಲಾಖೆಯ ಇನ್ಸ್‌ಪೆಕ್ಟರ್. ಸರ್ಕಾರಿ ಆಸ್ಪತ್ರೆಯ ಬೆಂಕಿ ಆರಿಸುವ ಕೊಳವೆಗಳಲ್ಲಿ ಹನಿ ನೀರಿಲ್ಲ, ಆದರೂ ತನ್ನ ಇಲಾಖೆಯ ಸಾಹೇಬರು ವರ್ಷವರ್ಷವೂ ಎಲ್ಲ ಸರಿಯಿದೆಯೆಂದು ಸಹಿ ಹಾಕುತ್ತಾರೆ ಎಂದು ತನಿಖಾ ಕಚೇರಿಗೆ ಗುಟ್ಟಾಗಿ ದೂರು ಕೊಟ್ಟಿದ್ದ. ಅಳೆದು ನೋಡಲು ಈ ಮೀಟರನ್ನು ಸಹಿಯಿಲ್ಲದೆ ಎರವಲು ಕೊಟ್ಟವಳು ಇಲಾಖೆಯ ಸ್ಟೋರು ನೋಡಿಕೊಳ್ಳುವ, ಎಲ್ಲರೂ ಅಕ್ಕ ಎನ್ನುವ ಹೆಂಗಸು. ಆಮೇಲೆ ಒಂದು ದಿನ ಅವನು ಕುರ್ಚಿಯಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡ.

ಹಾಲು ಆರುವ ಮೊದಲೇ ತನಿಖಾಧಿಕಾರಿ ಬಂದರು. ಮೆತ್ತಗಿನ ಮಾತಿನ ಮನುಷ್ಯ. ಗಂಡನನ್ನು ಹೊಗಳಿದರು, ಅತ್ತೆಯ ಮಂಡಿನೋವು ವಿಚಾರಿಸಿದರು, ಆಮೇಲೆ ವಿಷಯಕ್ಕೆ ಬಂದರು.

"ದೂರು ಕೊಟ್ಟವರೇ ಇಲ್ಲ ಅಂದ್ಮೇಲೆ ಫೈಲು ಮುಚ್ಚಬೇಕಾಗುತ್ತಮ್ಮ. ಅವರಿಗೆ ಜೊತೆ ಕೊಟ್ಟೋರು ಯಾರಾದ್ರೂ ಇದ್ರೆ, ಒಂದು ಹೆಸರು ಹೇಳಿ ಸಾಕು."

ಅಕ್ಕನ ಹೆಸರು ನಾಲಿಗೆ ತುದಿಗೆ ಬಂದಿತ್ತು. ಅವನ ದೂರೂ ಅವನ ಜೊತೆಗೇ ಮಣ್ಣಾಗುವುದು ಅವಳಿಗೆ ಬೇಕಿರಲಿಲ್ಲ.

ಹೊರಗೆ ಅವರ ಗಾಡಿಯ ಡ್ರೈವರಿಗೆ ನೀರು ಕೊಟ್ಟು ಬಂದ ಅತ್ತೆ ಸೊಸೆಯತ್ತ ನೋಡಿದರು. "ಅವತ್ತು ಮಣ್ಣಿಗೆ ಬಂದಾಗ ಮಳೇಲಿ ಸಾಹೇಬ್ರಿಗೆ ಕೊಡೆ ಹಿಡಿದಿದ್ನಲ್ಲ, ಈ ಡ್ರೈವರು ಅವನೇ ಕಣೆ. ಗಾಡೀನೂ ಅದೇ."

ತನಿಖಾಧಿಕಾರಿಗೆ ಮುಜುಗರವೇ ಆಗಲಿಲ್ಲ. "ನಮ್ಮ ಕಚೇರೀಲಿ ಗಾಡಿ ಎಲ್ಲಿದೆಯಮ್ಮ? ಯಾವ ಇಲಾಖೆ ತನಿಖೆಯೋ ಅವರೇ ಕಳಿಸ್ತಾರೆ. ಊಟನೂ ಅವರದ್ದೇ."

ಹೆಸರು ಗಂಟಲಿಗಿಳಿಯಿತು.

"ಯಾರೂ ಇರ್ಲಿಲ್ಲ," ಎಂದಳು.

ಅವರು ಅವಸರ ಮಾಡಲಿಲ್ಲ. ಮಧ್ಯಾಹ್ನ ಸ್ಟೋರಿನ ಸಾಮಾನು ಎಣಿಸುತ್ತೇವೆ, ಮೀಟರೊಂದು ಕಡಿಮೆಯಿದೆಯಂತೆ, ಯಾರು ಕೊಟ್ಟರೆಂದು ಅಲ್ಲೇ ತಿಳಿಯುತ್ತದೆ ಎಂದರು. ನೀರು ಕೇಳಿದರು. ಅವಳು ಒಳಗೆ ಹೋದರೆ ಹಿಂದೆಯೇ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಮೀಟರು ಬೋರಲಾಗಿತ್ತು, ಬೆನ್ನಷ್ಟೇ ಕಾಣುತ್ತಿತ್ತು.

"ಹಾಲಿಗೆ ಕಾವಲು ಜೋರಾಗಿದೆ," ಎಂದು ನಕ್ಕರು.

"ಏನ್ಮಾಡೋದಪ್ಪ," ಎಂದರು ಅತ್ತೆ. "ಈ ಬೆಕ್ಕಿಗೆ ನಾಚಿಕೆ ಇಲ್ಲ. ಮನೆಯವರ ಥರ ನೇರ ಅಡುಗೆಮನೆಗೇ ಬರುತ್ತೆ."

ನೀರು ಕುಡಿದು ಅವರು ಹೊರಟರು. ಗಾಡಿ ಬಹಳ ಹೊತ್ತು ಬೀದಿ ತಿರುವಿನಲ್ಲೇ ನಿಂತಿತ್ತು. ಅದು ಹೋದ ಮೇಲೆ ಅವಳು ಮೀಟರನ್ನು ಗಂಡನ ಊಟದ ಚೀಲಕ್ಕೆ ಹಾಕಿಕೊಂಡು ಹಿಂಬಾಗಿಲಿಂದ ಹೊರಬಿದ್ದಳು.

ಸ್ಟೋರಿನಲ್ಲಿ ಅಕ್ಕ ಒಬ್ಬಳೇ ಇದ್ದಳು. ಗೋಡೆಯ ಮೇಲೆ ಸಾಲಾಗಿ ಮೀಟರುಗಳು, ನಡುವೆ ಒಂದು ಖಾಲಿ ಮೊಳೆ.

"ನನ್ನ ಹೆಸರು ಕೇಳಿದ್ರಾ?"

"ಕೇಳಿದ್ರು. ಹೇಳ್ಲಿಲ್ಲ."

ಅಕ್ಕ ಉಸಿರುಬಿಟ್ಟಳು. ಆಮೇಲೆ ಕೇಳಿದಳು, "ಹಂಗಾದ್ರೆ ಆಸ್ಪತ್ರೆ ಗತಿ?"

ಅವಳು ಚೀಲದಿಂದ ಮೀಟರನ್ನು ಹೊರತೆಗೆದಳು. ಅಂಗಳಕ್ಕೆ ಗಾಡಿ ತಿರುಗಿದ ಸದ್ದಾಯಿತು. ಗಾಜಿಗೆ ಅಂಟಿದ್ದ ಹಾಲಿನ ಕಲೆಯನ್ನು ಅಂಗೈಯಿಂದ ಒರೆಸಿ ಅವಳು ಮೀಟರನ್ನು ಮೊಳೆಗೆ ತಗುಲಿಸಿದಳು. ಮುಳ್ಳು ಸೊನ್ನೆಯಲ್ಲಿತ್ತು. ಗಂಡ ಆಸ್ಪತ್ರೆಯ ಕೊಳವೆಗೆ ಹಾಕಿದಾಗಲೂ ಅದು ಅಲ್ಲಿಂದ ಕದಲಿರಲಿಲ್ಲವಂತೆ.