ಅಕ್ಕಿಯೋ ಹಕ್ಕಿಯೋ

ಗೆದ್ದಲು ಹತ್ತಿದ ಹಳೇ ಕಟ್ಟು ಬಿಚ್ಚಲು ಗೌರೀಶಂಕರ ಇಕ್ಕಳ ಎತ್ತಿಕೊಂಡಾಗ ಬಸವಲಿಂಗಮ್ಮ ಮೇಜಿನ ಮೇಲೆ ಬಗ್ಗಿ ನಿಂತಳು. ಹಾಸನದ ಅವನ ಫ್ರೇಮ್ ಅಂಗಡಿಗೆ ದುದ್ದದಿಂದ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡೇ ತಂದಿದ್ದ ಫೋಟೋ ಅದು: ನಾಟಕ ಕಂಪನಿಯ ಅಪರಂಜಮ್ಮ, ತಲೆಗೆ ಕಿರೀಟ, ಕೆನ್ನೆಗೆ ಕೈ, ಕಣ್ಣಲ್ಲಿ ತುಂಟತನ. ಕೆಳಗೆ ಶಾಯಿಯಲ್ಲಿ, ‘ಅಕ್ಕಿಗೆ, ಪ್ರೀತಿಯಿಂದ, ಅಪರಂಜಿ.’

ಅರವತ್ತು ವರ್ಷದ ಹಿಂದೆ ಹೊಳೆನರಸೀಪುರದಲ್ಲಿ ಕಂಪನಿ ಡೇರೆ ಹಾಕಿದ್ದಾಗ, ಮನೆಯವರಿಗೆ ಗೊತ್ತಾಗದಂತೆ ಹುಣಸೆಮರ ಹತ್ತಿ ನಾಟಕ ನೋಡುತ್ತಿದ್ದ ಹತ್ತು ವರ್ಷದ ಬಸವಲಿಂಗಮ್ಮನಿಗೆ ಅಪರಂಜಮ್ಮ ಇಟ್ಟ ಹೆಸರು ‘ಹಕ್ಕಿ’. ಬಾಯಲ್ಲಿ ಹಕಾರ ನಿಲ್ಲದ ಹೆಣ್ಣು, ‘ಅಕ್ಕಿ’ ಎನ್ನುತ್ತಿದ್ದಳು, ಹಾಗೇ ಬರೆದಳು. ಈಗ ಅಂಗಡಿಯಲ್ಲಿ ಪಕ್ಕದಲ್ಲೇ ನಿಂತಿದ್ದ ಗಂಡ ಷಡಕ್ಷರಿ ಮಾತ್ರ ಮದುವೆಯಾದಂದಿನಿಂದ ಇದನ್ನು ಒಪ್ಪಿದವನಲ್ಲ. ನಮ್ಮ ಮಾವ ಕಂಪನಿಗೆ ಎರಡು ಮೂಟೆ ಅಕ್ಕಿ ಕೊಟ್ಟಿದ್ದರಲ್ಲ, ಇದು ಅದರ ರಸೀತಿ ಎಂದು ಬಂದವರನ್ನೆಲ್ಲ ನಗಿಸುತ್ತಿದ್ದ. ಕೇಳಿ ಕೇಳಿ ಈಚೆಗೆ ಅವಳಿಗೇ ಅನುಮಾನ. ತಾನು ಹಕ್ಕಿಯಾಗಿದ್ದು ನಿಜವೋ, ತಾನೇ ಕಟ್ಟಿಕೊಂಡ ಕತೆಯೋ?

ಅಂಚಿನ ರಟ್ಟು ತೆಗೆದ ಗೌರೀಶಂಕರ, “ಅಮ್ಮ, ಇದರಡಿ ಇನ್ನೊಂದು ಸಾಲೈತೆ,” ಎಂದ.

“ಓದಪ್ಪ.” ಅವಳು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು.

“‘ಇಂಗೇ ಆರ್ತಾ ಇರು.’”

ಬಸವಲಿಂಗಮ್ಮನ ಹೊಟ್ಟೆಯೊಳಗಿಂದ ನಗು ಗುಳುಗುಳು ಎದ್ದಿತು. “ಕೇಳುದ್ರಾ? ಆರು ಅಂದವ್ಳೆ ಕಣ್ರೀ. ಅಕ್ಕಿ ಮೂಟೆ ಎಲ್ಲಾದ್ರೂ ರೆಕ್ಕೆ ಬಿಚ್ತದಾ?”

ಷಡಕ್ಷರಿ ಕನ್ನಡಕ ಸರಿಮಾಡಿಕೊಂಡ. “ಮಳೇಲಿ ಅಕ್ಕಿ ನೆಂದಿತ್ತು ಕಣೇ. ಬಿಸ್ಲಲ್ಲಿ ಅರವಿದ್ರು. ಚೆನ್ನಾಗಿ ಆರ್ತಾ ಇರು ಅಂತ ಅದುಕ್ಕೆ ಬುದ್ಧಿ ಯೋಳವ್ಳೆ.”

“ಅಕ್ಕಿಗೆ ಯಾರಾದ್ರೂ ಪ್ರೀತಿಯಿಂದ ಅಂತ ಬರೀತಾರಾ ಯಜಮಾನ್ರೇ?” ಗೌರೀಶಂಕರ ಕೇಳಿದ.

“ಅಸ್ದೋರು ಬರೀತಾರೆ ಕಣಪ್ಪ,” ಎಂದ ಷಡಕ್ಷರಿ. ಆದರೆ ತುಟಿ ಅವನ ಮಾತು ಕೇಳದೆ ಅರಳಿಬಿಟ್ಟಿತ್ತು.

ಆ ಸಾಲೂ ಕಾಣುವಂತೆ ಹೊಸ ಕಟ್ಟು ಹಾಕಿಸಿಕೊಂಡು ಇಬ್ಬರೂ ಬಸ್ ಸ್ಟ್ಯಾಂಡಿಗೆ ಬಂದರು. ದುದ್ದದ ಬಸ್ಸಿಗೆ ಜನ ಮುಗಿಬಿದ್ದಿದ್ದರು. ಷಡಕ್ಷರಿ ಮೊದಲು ನುಗ್ಗಿ, ಕಿಟಕಿ ಪಕ್ಕದ ಸೀಟಿಗೆ ಟವೆಲ್ ಹಾಕಿ, ಬಾಗಿಲ ಕಡೆ ತಿರುಗಿ ಕೂಗಿದ:

“ಲೇ ಅಕ್ಕಿ, ಬಾರೇ, ಇಲ್ಲಿ ಜಾಗ ಐತೆ.”

ನಿಂತವರೆಲ್ಲ ಅಕ್ಕಿ ಮೂಟೆ ಬರುತ್ತದೆಂದು ಕಾಲು ಎಳೆದುಕೊಂಡು ದಾರಿ ಬಿಟ್ಟರು. ಬಸವಲಿಂಗಮ್ಮ ಸೆರಗು ಬಿಗಿದು, ಫೋಟೋ ಎದೆಗವಚಿ, ಎಪ್ಪತ್ತರ ಮಂಡಿಗಳನ್ನು ಮರೆತು ಮೆಟ್ಟಿಲು ಹಾರಿ ಹತ್ತಿದಳು.